ಪಂಚೆಗೆ ಬಿಸಿಲು, ರೇಷ್ಮೆಗೆ ನೆರಳು: ಅರಿಶಿನದ ಕಲೆ ತೆಗೆಯುವ ಬಗೆ

ಅರಿಶಿನದ ಹಳದಿಗೆ ಕಾರಣ ಕುರ್ಕ್ಯುಮಿನ್. ಇದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಣ್ಣೆಯಲ್ಲೂ ಸ್ಪಿರಿಟ್‌ನಲ್ಲೂ ಕರಗುತ್ತದೆ. ಗುಂಡ್ಲುಪೇಟೆ, ಚಾಮರಾಜನಗರದ ಸೀಮೆ ಅರಿಶಿನ ಬೆಳೆಯುವ ನಾಡು. ಇಲ್ಲಿ ಕೆಲಸದ ಬಟ್ಟೆಗೂ ಮದುವೆ ಮನೆಯ ಬಟ್ಟೆಗೂ ಈ ಹಳದಿ ಹತ್ತುತ್ತದೆ. ಇವೆರಡರಲ್ಲಿ ಮದುವೆಯ ಅರಿಶಿನ ಎಣ್ಣೆ ಶಾಸ್ತ್ರದ ಕಲೆಯೇ ಹೆಚ್ಚು ಗಟ್ಟಿ, ಏಕೆಂದರೆ ಎಣ್ಣೆ ಬಣ್ಣವನ್ನು ನೂಲಿನೊಳಕ್ಕೆ ಇಳಿಸಿರುತ್ತದೆ.

ಸೋಪು ಹಚ್ಚಿದೊಡನೆ ಕಲೆ ಕೆಂಪಾದರೆ ಗಾಬರಿ ಬೇಡ. ಸುಣ್ಣ ಬೆರೆಸಿ ಅರಿಶಿನದಿಂದ ಕುಂಕುಮ ಮಾಡುವಾಗ ಆಗುವುದೂ ಇದೇ: ಕ್ಷಾರ ಸೋಕಿದರೆ ಕುರ್ಕ್ಯುಮಿನ್ ಕೆಂಪಾಗುತ್ತದೆ. ಚೆನ್ನಾಗಿ ಜಾಲಿಸಿ ಸೋಪು ಬಿಡಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ.

ಹತ್ತಿಯ ಪಂಚೆ, ಸೀರೆಗಳಿಗೆ ದಾರಿ ಸುಲಭ. ಒಣ ಪುಡಿಯಾದರೆ ಉಜ್ಜದೆ ಕೊಡವಬೇಕು. ಎಣ್ಣೆ ಸೇರಿದ್ದರೆ ಮುಖದ ಪೌಡರ್ ಉದುರಿಸಿ, ಅದು ಜಿಡ್ಡನ್ನು ಹೀರಿದ ಮೇಲೆ ಕೊಡವಿ, ತಣ್ಣೀರಿನಲ್ಲಿ ದ್ರವ ಸೋಪಿನಿಂದ ತೊಳೆಯಬೇಕು. ಉಳಿದ ಹಳದಿಗೆ ಬಿಸಿಲೇ ಮದ್ದು. ಬೆಳಕಿಗೆ ಕುರ್ಕ್ಯುಮಿನ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಬಟ್ಟೆ ಒದ್ದೆಯಾಗಿರುವಾಗಲೇ ಹರಡಿ, ಒಂದೆರಡು ದಿನ ಬಿಸಿಲು ತೋರಿಸಿದರೆ ಬಿಳಿ ಪಂಚೆ ಬಹುಪಾಲು ಬೆಳ್ಳಗಾಗುತ್ತದೆ. ಹಿಂದೆ ಮಡಿವಾಳರು ಉಬ್ಬೆ ಹಾಕಿ ಬಟ್ಟೆಯನ್ನು ಬಯಲಲ್ಲಿ ಹರವುತ್ತಿದ್ದುದರಲ್ಲಿ ಬಿಸಿಲಿನ ಈ ಗುಣವೂ ಕೆಲಸ ಮಾಡುತ್ತಿತ್ತು. ಬಣ್ಣದ ಹತ್ತಿ ಬಟ್ಟೆಯನ್ನು ಮಾತ್ರ ಹೀಗೆ ಹೆಚ್ಚು ಹೊತ್ತು ಬಿಡಬಾರದು, ಅದರ ಸ್ವಂತ ಬಣ್ಣವೂ ಮಾಸುತ್ತದೆ.

ರೇಷ್ಮೆಯ ವಿಚಾರವೇ ಬೇರೆ. ಇದೇ ಜಿಲ್ಲೆಯ ಕೊಳ್ಳೇಗಾಲ ರೇಷ್ಮೆ ಸೀರೆಗೆ ಹೆಸರಾದ ಊರು. ಅಲ್ಲಿಂದ ತಂದ ಸೀರೆಯನ್ನು ಪಂಚೆಯಂತೆ ಒಗೆದರೆ ಕಲೆಗಿಂತ ದೊಡ್ಡ ನಷ್ಟವಾಗುತ್ತದೆ. ಹತ್ತಿ ನೂಲು ಸೆಲ್ಯುಲೋಸ್, ರೇಷ್ಮೆ ಎಳೆ ಪ್ರೋಟೀನ್. ಮನೆಯ ಬ್ಲೀಚ್ ಈ ಪ್ರೋಟೀನನ್ನು ಕರಗಿಸಿಬಿಡುತ್ತದೆ, ವಾಷಿಂಗ್ ಸೋಡಾ ಹೊಳಪು ತೆಗೆಯುತ್ತದೆ, ಕಡು ಬಿಸಿಲು ಎಳೆಯನ್ನು ಸವೆಸುತ್ತದೆ. ಬೆಳ್ಳಿಯ ಜರಿಗೆ ನಿಂಬೆಹುಳಿಯೂ ಬೇಡ. ಆದ್ದರಿಂದ ಹಸಿ ಕಲೆಯನ್ನು ಬಿಳಿ ಬಟ್ಟೆಯಿಂದ ಒತ್ತಿ ಹೀರಿಸಿ, ಜಿಡ್ಡಿಗೆ ಪೌಡರ್ ಹಾಕಿ, ಒಡನೆಯೇ ಡ್ರೈಕ್ಲೀನಿಂಗ್‌ಗೆ ಕೊಡುವುದೇ ಸರಿ. ಕೊಡುವಾಗ ಅರಿಶಿನವೆಂದೂ ಎಣ್ಣೆಯಿದೆಯೆಂದೂ ಹೇಳಬೇಕು. ಅದರ ಮೇಲೆಯೇ ಅವರು ದ್ರಾವಕ ಆರಿಸುತ್ತಾರೆ. ಅಂಟುವಾಳಕಾಯಿ ನೊರೆ ರೇಷ್ಮೆಗೆ ಮೃದು, ಆದರೆ ಬಣ್ಣ ಬಿಡುವ ಸೀರೆಗಳಿವೆ, ಒಳ ಅಂಚಿನಲ್ಲಿ ಒಂದು ಹನಿ ಪರೀಕ್ಷಿಸಿಯೇ ಬಳಸಬೇಕು.

ಎಲ್ಲ ಕಲೆಗಳೂ ಅರಿಶಿನದಂತಲ್ಲ. ನೇರಳೆ ಹಣ್ಣು, ಕೆಂಪು ವೈನ್‌ಗಳ ಕಲೆ ಆಂಥೋಸಯಾನಿನ್ ಎಂಬ ಬಣ್ಣದ್ದು. ಅದು ನೀರಿನಲ್ಲಿ ಕರಗುತ್ತದೆ, ಹಸಿಯಿದ್ದಾಗ ತಣ್ಣೀರೇ ಬಹಳಷ್ಟನ್ನು ಒಯ್ಯುತ್ತದೆ. ಬಾಳೆಯ ಕರೆ ಇನ್ನೂ ಹಟಮಾರಿ: ಗಾಳಿ ತಗುಲಿ ಕಪ್ಪಾದ ಮೇಲೆ ಎಳೆಗೆ ಕಚ್ಚಿಕೊಳ್ಳುತ್ತದೆ, ತೋಟದಿಂದ ಬಂದ ದಿನವೇ ತೊಳೆಯಬೇಕು.

ಯಾವ ಕಲೆಯಾದರೂ ಪೂರ್ತಿ ಹೋಗುವ ಮೊದಲು ಇಸ್ತ್ರಿ ಮಾಡಬಾರದು. ಶಾಖಕ್ಕೆ ಬಣ್ಣ ನೆಲೆಯೂರುತ್ತದೆ. ಮಡಿಸಿ ಪೆಟ್ಟಿಗೆಯಲ್ಲಿಟ್ಟ ಸೀರೆಯಲ್ಲಿ ಎಣ್ಣೆಯ ಅಂಶ ಉಳಿದರೆ ಕಾಲಕ್ರಮದಲ್ಲಿ ಅದೇ ಕಂದು ಗುರುತಾಗುತ್ತದೆ.