ಕಡಲಡಿಯ ಕೆಸರು ಮತ್ತು ಪ್ರಾಚೀನ ವಾಯುಗುಣ: ಕೆಲವು ತಪ್ಪು ಕಲ್ಪನೆಗಳು

ಸಮುದ್ರದ ತಳದಲ್ಲಿರುವ ಕೆಸರೆಂದರೆ ನದಿಗಳು ಹೊತ್ತು ತಂದು ಸುರಿದ ಮಣ್ಣು, ಅಲೆಗಳ ಹೊಡೆತಕ್ಕೆ ಸಿಕ್ಕಿ ಕಲಸಿಹೋದ ಒಂದು ನಿರರ್ಥಕ ರಾಶಿ ಎಂದು ಭಾವಿಸುವವರು ವಿದ್ಯಾವಂತರಲ್ಲಿಯೂ ಹಲವರುಂಟು. ಕರಾವಳಿಯ ಸಮೀಪಕ್ಕೆ ಈ ಭಾವನೆ ತಕ್ಕಮಟ್ಟಿಗೆ ಒಪ್ಪುವುದಾದರೂ, ದಡದಿಂದ ಬಹುದೂರದಲ್ಲಿ, ಎರಡು ಮೂರು ಸಾವಿರ ಮೀಟರುಗಳ ಆಳದಲ್ಲಿ, ಅಲೆಯ ಅಲುಗಾಟವು ಎಂದೂ ಮುಟ್ಟದ ಕತ್ತಲೆಯಲ್ಲಿ ಸಂಚಯವಾಗುವ ಕೆಸರಿನ ಬಗೆಯೇ ಬೇರೆ. ಅಲ್ಲಿಗೆ ನದಿಯ ಮಣ್ಣು ತಲಪುವುದು ಅತ್ಯಲ್ಪ. ಮೇಲ್ಮೈಯ ನೀರಿನಲ್ಲಿ ತೇಲಿ ಬಾಳಿ ಮಡಿದ ಫೊರಾಮಿನಿಫೆರಗಳೆಂಬ ಏಕಕೋಶ ಜೀವಿಗಳ, ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾದ ಸುಣ್ಣದ ಚಿಪ್ಪುಗಳೇ ಎಷ್ಟೋ ಕಡೆ ಅದರ ಬಹುಭಾಗವಾಗಿರುತ್ತವೆ. ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರುಗಳಂತೆ, ಹಳೆಯದರ ಮೇಲೆ ಹೊಸದಾಗಿ, ಕ್ರಮ ತಪ್ಪದೆ ಅದು ಕುಳಿತುಕೊಳ್ಳುತ್ತ ಬಂದಿದೆ.

ಈ ಕೆಸರನ್ನು ಮೇಲೆತ್ತುವ ಕ್ರಮ ಸರಳವಾದುದು: ಮಂಡಿಯಲ್ಲಿ ಅಕ್ಕಿಯ ಮೂಟೆಗೆ ಟೊಳ್ಳು ಸಲಾಕೆಯನ್ನು ಚುಚ್ಚಿ ಮಾದರಿ ತೆಗೆಯುವಂತೆ, ಹಡಗಿನಿಂದ ಭಾರವಾದ ಉಕ್ಕಿನ ಕೊಳವೆಯನ್ನು ಇಳಿಬಿಟ್ಟು, ತಳಕ್ಕೆ ನಾಟಿಸಿ, ಒಳಗೆ ಸಿಕ್ಕಿದ ಕೆಸರುಕಂಬವನ್ನು ಕದಲಿಸದೆ ಎಳೆದುಕೊಳ್ಳುವರು. ಅಮೆರಿಕದ ಲಾಮಾಂಟ್ ಸಂಶೋಧನಾಲಯದ ನಿರ್ದೇಶಕರಾಗಿದ್ದ ಮಾರಿಸ್ ಯೂಯಿಂಗರು ತಮ್ಮ ‘ವೀಮಾ’ ಎಂಬ ಹಡಗು ಎಲ್ಲಿಯೇ ಇರಲಿ, ದಿನಕ್ಕೊಂದು ಕಂಬವನ್ನು ತೆಗೆಯತಕ್ಕದ್ದೆಂದು ವಿಧಿಸಿದ್ದರು. ಅದರಿಂದ ಮುಂದೆ ಯಾರಿಗೆ ಏನು ಪ್ರಯೋಜನವಾದೀತೆಂಬುದನ್ನು ಅಂದು ಯಾರೂ ಬಲ್ಲವರಾಗಿರಲಿಲ್ಲ. ಸಮುದ್ರವಿಜ್ಞಾನಿಯೆಂದರೆ ಸದಾ ಹಡಗಿನ ಮೇಲೆ ಅಲೆಯುವವನೆಂಬ ಕಲ್ಪನೆಯೂ ಇಲ್ಲಿಯೇ ಸಡಿಲವಾಗಬೇಕು; ಏಕೆಂದರೆ ಅನ್ಯರು ಎತ್ತಿ ತಂದು ಉಗ್ರಾಣದಲ್ಲಿರಿಸಿದ್ದ ಇಂತಹ ಕಂಬಗಳಿಂದಲೇ, ಕೇಂಬ್ರಿಜಿನ ಪ್ರಯೋಗಶಾಲೆಯಲ್ಲಿ ಕುಳಿತು, ಹಿಮಯುಗಗಳ ಇತಿಹಾಸವನ್ನು ಹೊಸದಾಗಿ ಬರೆದವರು ನಿಕೋಲಸ್ ಷ್ಯಾಕಲ್ಟನ್ (1937–2006).

ಅವರು ಭೌತವಿಜ್ಞಾನವನ್ನು ಓದಿ ಈ ಕ್ಷೇತ್ರಕ್ಕೆ ಬಂದವರು. ಅವರು ಬಿಡಿಸಿದ ಗಂಟನ್ನು ಅರಿಯಬೇಕಾದರೆ, ಇಂದಿಗೂ ಪ್ರಚಲಿತವಾಗಿರುವ ಒಂದು ತಪ್ಪು ಕಲ್ಪನೆಯನ್ನು ಮೊದಲು ನೋಡಬೇಕು. ಚಿಪ್ಪಿನಲ್ಲಿರುವ ಆಮ್ಲಜನಕವನ್ನು ಅಳೆದರೆ ಅಂದಿನ ಕಡಲಿನ ಉಷ್ಣತೆಯು ನೇರವಾಗಿ ತಿಳಿದುಬಿಡುವುದೆಂಬುದೇ ಆ ಕಲ್ಪನೆ. ಆಮ್ಲಜನಕದ ಪರಮಾಣುಗಳೆಲ್ಲವೂ ಒಂದೇ ತೂಕದವಲ್ಲ. ಸುಮಾರು ಐನೂರಕ್ಕೆ ಒಂದರಂತೆ 18 ಮಾನದ ಭಾರವಾದ ಪರಮಾಣುವೂ, ಮಿಕ್ಕವುಗಳಲ್ಲಿ ಬಹುತೇಕ ಎಲ್ಲವೂ 16 ಮಾನದ ಹಗುರ ಪರಮಾಣುಗಳೂ ಆಗಿರುತ್ತವೆ. ನೀರು ತಣ್ಣಗಾದಷ್ಟೂ ಚಿಪ್ಪಿನಲ್ಲಿ ಭಾರದ ಪರಮಾಣುವಿನ ಪಾಲು ಹೆಚ್ಚುವುದೆಂಬ ತತ್ತ್ವವನ್ನು ಹೆರಾಲ್ಡ್ ಯೂರಿಯವರು 1947ರಲ್ಲಿ ಪ್ರತಿಪಾದಿಸಿದರು. ಅದನ್ನು ಕಡಲ ಕೆಸರಿಗೆ ಅನ್ವಯಿಸಿ 1955ರಲ್ಲಿ ಚೆಸಾರೆ ಎಮಿಲಿಯಾನಿಯವರು ಹಿಮಯುಗದ ಉಷ್ಣತೆಯ ಏರಿಳಿತಗಳನ್ನು ರೇಖಿಸಿ, ಬೆಚ್ಚನೆಯ ಕಾಲಗಳಿಗೆ ಬೆಸಸಂಖ್ಯೆಯನ್ನೂ ಶೀತಕಾಲಗಳಿಗೆ ಸಮಸಂಖ್ಯೆಯನ್ನೂ ಕೊಟ್ಟರು. ಆ ಎಣಿಕೆಯೇ ಇಂದಿಗೂ ಬಳಕೆಯಲ್ಲಿದೆ.

ಆದರೆ ಇಲ್ಲೊಂದು ತೊಡಕಿತ್ತು. ಕಡಲಿನಿಂದ ಆವಿಯಾಗಿ ಏಳುವಾಗ ಹಗುರವಾದ ನೀರು ಮುಂದಾಗುತ್ತದೆ. ಆ ನೀರು ಧ್ರುವದೇಶಗಳಲ್ಲಿ ಹಿಮವಾಗಿ ಬಿದ್ದು, ಕರಗದೆ, ಕಿಲೋಮೀಟರುಗಟ್ಟಲೆ ದಪ್ಪದ ಹಿಮಹಾಳೆಗಳಲ್ಲಿ ಸೆರೆಯಾಯಿತೆಂದರೆ, ಹಿಂದುಳಿದ ಕಡಲ ನೀರಿನಲ್ಲಿ ಭಾರದ ಪರಮಾಣುವಿನ ಪಾಲು ತಾನಾಗಿಯೇ ಹೆಚ್ಚುವುದು. ಆದ್ದರಿಂದ ಚಿಪ್ಪಿನಲ್ಲಿ ಕಂಡ ಹೆಚ್ಚಳವು ಕಡಲು ತಣ್ಣಗಾದುದರ ಗುರುತೋ, ನೆಲದ ಮೇಲೆ ಹಿಮ ಬೆಳೆದುದರ ಗುರುತೋ? ಎಮಿಲಿಯಾನಿಯವರು ಹಿಮದ ಪಾಲನ್ನು ಅಲ್ಪವೆಂದೆಣಿಸಿದ್ದರು. ಷ್ಯಾಕಲ್ಟನ್ನರು ಮೇಲ್ಮೈಯ ಜೀವಿಗಳನ್ನು ಬಿಟ್ಟು, ಆಳದ ತಳದಲ್ಲಿಯೇ ವಾಸಿಸುವ ಫೊರಾಮಿನಿಫೆರಗಳನ್ನು ಅಳೆಯಲು ನಿಶ್ಚಯಿಸಿದರು. ಆಳದ ನೀರು ಇಂದಿಗೇ ಹೆಪ್ಪುಗಟ್ಟುವ ಮಟ್ಟಕ್ಕೆ ಸಮೀಪವಾಗಿ ತಣ್ಣಗಿರುವುದರಿಂದ ಹಿಮಯುಗದಲ್ಲಿ ಅದು ಇನ್ನು ಬಹಳವಾಗಿ ತಣಿಯಲು ಅವಕಾಶವೇ ಇಲ್ಲ. ಅಲ್ಲಿಯೂ ಮೇಲ್ಮೈಯಷ್ಟೇ ವ್ಯತ್ಯಾಸ ಕಂಡುಬಂದರೆ, ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ ಹಿಮವೇ ಆಗಿರಬೇಕು. ನನ್ನ ದೃಷ್ಟಿಯಲ್ಲಿ ಈ ಶತಮಾನದ ವಿಜ್ಞಾನ, ಆ ಶತಮಾನದ ವಿಜ್ಞಾನ ಎಂಬ ಭೇದವಿಲ್ಲದೆ ಎಣಿಸಬಹುದಾದ ಸುಂದರ ತರ್ಕಗಳಲ್ಲಿ ಇದೊಂದು.

ತರ್ಕವು ಸುಲಭ, ಅಳತೆ ದುಷ್ಕರ. ತಳವಾಸಿ ಜೀವಿಗಳ ಚಿಪ್ಪುಗಳು ಕೆಸರಿನಲ್ಲಿ ತೀರ ವಿರಳವಾದುದರಿಂದ ಅಂದಿನ ಯಂತ್ರಗಳಿಗೆ ಸಾಲುವಷ್ಟು ದೊರೆಯುತ್ತಿರಲಿಲ್ಲ; ಷ್ಯಾಕಲ್ಟನ್ನರು ಪರಮಾಣುಗಳನ್ನು ತೂಕಕ್ಕನುಸಾರವಾಗಿ ಬೇರ್ಪಡಿಸುವ ಯಂತ್ರವನ್ನೇ ಮಾರ್ಪಡಿಸಿ, ಅತ್ಯಲ್ಪ ಮಾದರಿಯಿಂದಲೂ ಫಲ ದೊರೆಯುವಂತೆ ಮಾಡಿಕೊಂಡರು. ಕಂಬವನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಮುಂದಿನವರಿಗಾಗಿ ಕಾದಿಟ್ಟು, ಮತ್ತೊಂದರಿಂದ ಹತ್ತು ಸೆಂಟಿಮೀಟರಿಗೊಮ್ಮೆ ಚೂರು ಕೆಸರು ತೆಗೆದು, ಸೂಕ್ಷ್ಮವಾದ ಜರಡಿಯಲ್ಲಿ ತೊಳೆದು, ಉಳಿದ ಚಿಪ್ಪುಗಳಲ್ಲಿ ಬೇಕಾದ ಜಾತಿಯದನ್ನು ಮಾತ್ರ ಸೂಕ್ಷ್ಮದರ್ಶಕದ ಕೆಳಗೆ ಒದ್ದೆಯಾದ ಕುಂಚದ ತುದಿಯಿಂದ ಒಂದೊಂದಾಗಿ ಆಯ್ದು, ಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸಿದರೆ, ಏಳುವ ಇಂಗಾಲದ ಡೈ ಆಕ್ಸೈಡನ್ನು ಯಂತ್ರಕ್ಕೆ ಊಡಬಹುದು. ಹೀಗೆ ದೊರೆತ ಫಲವನ್ನು ಅವರು 1967ರಲ್ಲಿ ಪ್ರಕಟಿಸಿದರು: ಚಿಪ್ಪಿನ ಆಮ್ಲಜನಕವು ಪ್ರಧಾನವಾಗಿ ಹೇಳುವುದು ಜಗತ್ತಿನಲ್ಲಿ ಹಿಮವೆಷ್ಟಿತ್ತೆಂಬುದನ್ನು. ಇದರಿಂದ ಲಾಭವೇ ಆಯಿತು. ಹಿಮದ ಪ್ರಮಾಣವು ಎಲ್ಲ ಕಡಲುಗಳಿಗೂ ಒಂದೇ ಆದುದರಿಂದ, ಪೆಸಿಫಿಕ್ಕಿನ ಕಂಬವನ್ನು ಅಟ್ಲಾಂಟಿಕ್ಕಿನ ಕಂಬದೊಡನೆ ಪದರಕ್ಕೆ ಪದರ ಹೊಂದಿಸಿ ನೋಡುವುದು ಶಕ್ಯವಾಯಿತು.

ಮರದ ಉಂಗುರಗಳನ್ನೆಣಿಸುವಂತೆ ಪದರಗಳನ್ನು ಎಣಿಸಿ ಕಾಲವನ್ನು ತಿಳಿಯುವರೆಂಬ ನಂಬಿಕೆಯೂ ಸರಿಯಲ್ಲ. ತಳದ ಹುಳುಗಳು ಮೇಲಿನ ಕೆಲವು ಸೆಂಟಿಮೀಟರುಗಳನ್ನು ಸದಾ ಕಲಕುತ್ತಿರುವುದರಿಂದ ವರ್ಷ ವರ್ಷದ ಗೆರೆ ಅಲ್ಲಿ ಉಳಿಯದು. ವಿಕಿರಣಶೀಲ ಇಂಗಾಲದ ಲೆಕ್ಕವು ಸುಮಾರು 50,000 ವರ್ಷಗಳಾಚೆಗೆ ನಡೆಯದು. ಪಶ್ಚಿಮ ಪೆಸಿಫಿಕ್ಕಿನಿಂದ ‘ವೀಮಾ’ ತೆಗೆದಿದ್ದ ವಿ28-238 ಎಂಬ ಕಂಬದಲ್ಲಿ, ಭೂಮಿಯ ಕಾಂತಧ್ರುವಗಳು ಕಡೆಯ ಸಲ ಅದಲುಬದಲಾದ ಗುರುತು ಹನ್ನೆರಡು ಮೀಟರು ಕೆಳಗೆ ಸಿಕ್ಕಿತು. ಅದನ್ನು ಆಧಾರವಾಗಿಟ್ಟುಕೊಂಡು ಷ್ಯಾಕಲ್ಟನ್ನರೂ ನೀಲ್ ಓಪ್ಡೈಕರೂ 1973ರಲ್ಲಿ ಹಿಮಯುಗಗಳಿಗೆ ನೆಚ್ಚಬಹುದಾದ ಕಾಲಮಾನವನ್ನು ಒದಗಿಸಿದರು.

ಹಿಮಯುಗವು ಒಮ್ಮೆ ಬಂದು ಹೋದ ಘಟನೆಯೆಂಬ ಗ್ರಹಿಕೆಯೂ ಸರಿಯಲ್ಲ. ಅದು ಪುನಃ ಪುನಃ ಬಂದಿದೆ. ಹಾಗೆ ಬರುವುದಕ್ಕೊಂದು ತಾಳವೂ ಇದೆ. ದಕ್ಷಿಣ ಹಿಂದೂ ಮಹಾಸಾಗರದ ಎರಡು ಕಂಬಗಳನ್ನು ಪರಿಶೀಲಿಸಿದ ಹೇಸ್, ಇಂಬ್ರಿ ಮತ್ತು ಷ್ಯಾಕಲ್ಟನ್ನರು, 1976ರ ಡಿಸೆಂಬರಿನಲ್ಲಿ, ನಾಲ್ಕೂವರೆ ಲಕ್ಷ ವರ್ಷಗಳ ಏರಿಳಿತದಲ್ಲಿ ಸುಮಾರು 1,00,000, 42,000 ಮತ್ತು 23,000 ವರ್ಷಗಳ ಆವರ್ತಗಳಿವೆಯೆಂದು ತೋರಿಸಿಕೊಟ್ಟರು. ಭೂಕಕ್ಷೆಯ ದೀರ್ಘವೃತ್ತತೆ, ಅಕ್ಷದ ಓರೆ, ನಮ್ಮ ಪಂಚಾಂಗಕರ್ತರಿಗೆ ಚಿರಪರಿಚಿತವಾದ ಅಯನಚಲನೆ, ಈ ಮೂರರ ಆವರ್ತಗಳೂ ಇವೇ. ಸೆರ್ಬಿಯದ ಮಿಲಾಂಕೊವಿಚ್ಚರು ಹಿಂದೆಯೇ ಗಣಿತದಿಂದ ಊಹಿಸಿದ್ದುದನ್ನು ಕೆಸರು ದೃಢಪಡಿಸಿತು.

ಆ ಮೂವರ 1976ರ ಪ್ರಬಂಧವನ್ನೇ ಹಿಡಿದು, “ಅಂದು ವಿಜ್ಞಾನಿಗಳು ಹಿಮಯುಗ ಬರುವುದೆಂದರು, ಇಂದು ತಾಪವೆನ್ನುತ್ತಾರೆ, ಯಾವುದನ್ನು ನಂಬುವುದು?” ಎಂದು ಕೇಳುವವರುಂಟು. ಅವರು ಪ್ರಬಂಧವನ್ನು ಓದಿದವರಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ. ಮುಂದಿನ ಹಲವು ಸಹಸ್ರ ವರ್ಷಗಳ ಒಲವು ಉತ್ತರಾರ್ಧಗೋಳದ ಹಿಮವೃದ್ಧಿಯ ಕಡೆಗೆಂದು ಅಲ್ಲಿ ಹೇಳಿರುವುದು ನಿಜ. ಮನುಷ್ಯಕೃತ ಪರಿಣಾಮಗಳನ್ನು ಗಣನೆಗೆ ತೆಗೆದುಕೊಂಡಿಲ್ಲವೆಂಬ ನಿಬಂಧನೆಯೂ ಅದೇ ಮಾತಿನಲ್ಲಿ ಸ್ಪಷ್ಟವಾಗಿ ಸೇರಿದೆ. ಹವೆ ಎಂದಿನಿಂದಲೂ ಬದಲಾಗುತ್ತಲೇ ಬಂದಿದೆ, ಆದುದರಿಂದ ಈಗಿನ ಬದಲಾವಣೆಗೂ ಚಿಂತಿಸಬೇಕಾದುದಿಲ್ಲವೆಂಬ ವಾದವಂತೂ ಇನ್ನೂ ಅಪಾಯಕರ. ಅಂಟಾರ್ಕ್ಟಿಕದ ಹಿಮಕಂಬಗಳ ಪ್ರಕಾರ, ಕಳೆದ ಹಿಮಯುಗದ ಅಂತ್ಯದಲ್ಲಿ ಗಾಳಿಯ ಇಂಗಾಲದ ಡೈ ಆಕ್ಸೈಡು ದಶಲಕ್ಷಕ್ಕೆ ಸುಮಾರು 180ರಿಂದ 260ರ ಆಸುಪಾಸಿಗೆ ಏರಲು ಹಲವು ಸಾವಿರ ವರ್ಷಗಳೇ ಬೇಕಾದುವು; ಕೈಗಾರಿಕೆ ಬೆಳೆದ ಮೇಲೆ, ಎರಡೂವರೆ ಶತಮಾನದೊಳಗೆ, ಅದು 280ರಿಂದ 420ನ್ನು ದಾಟಿದೆ. ಕಕ್ಷೆಯ ಅಲ್ಪ ವ್ಯತ್ಯಾಸಕ್ಕೂ ಭೂಮಿ ಇಷ್ಟು ಬಲವಾಗಿ ಓಗೊಡುವುದೆಂದು ಕೆಸರು ತೋರಿಸಿರುವಾಗ, ಅದರಿಂದ ನಿಶ್ಚಿಂತೆಯನ್ನು ಹೇಗೆ ಪಡೆಯಬಹುದೋ ನಾನರಿಯೆ.

ಉಷ್ಣವಲಯದ ನಮಗೆ ಹಿಮಯುಗದ ಸಂಬಂಧವೇನೆಂಬ ಪ್ರಶ್ನೆಗೆ ಅರಬ್ಬೀ ಸಮುದ್ರವೇ ಉತ್ತರ ಕೊಡುತ್ತದೆ. ಸುಮಾರು 20,000 ವರ್ಷಗಳ ಹಿಂದೆ ಕಡಲಮಟ್ಟವು ಇಂದಿಗಿಂತ ಸುಮಾರು 120 ಮೀಟರು ಕೆಳಗಿದ್ದು, ನಮ್ಮ ಪಶ್ಚಿಮ ಕರಾವಳಿಯಾಚೆ ಈಗ ಮೀನು ಹಿಡಿಯುವ ತಾವುಗಳಲ್ಲಿ ಬಹುಭಾಗ ಒಣನೆಲವಾಗಿತ್ತು. ನೈರುತ್ಯ ಮಾರುತವು ಬಲವಾಗಿ ಬೀಸಿದಾಗ ಒಮಾನಿನ ತೀರದಲ್ಲಿ ಆಳದ ತಂಪುನೀರು ಮೇಲೆದ್ದು, ಗ್ಲೊಬಿಜೆರಿನ ಬುಲ್ಲಾಯ್ಡಿಸ್ ಎಂಬ ಫೊರಾಮಿನಿಫೆರ ಸಮೃದ್ಧವಾಗಿ ಬೆಳೆಯುತ್ತದೆ. ಅಲ್ಲಿಯ ಕೆಸರಿನಲ್ಲಿ ಅದರ ಚಿಪ್ಪುಗಳ ಪ್ರಮಾಣವನ್ನು ನೋಡಿದರೆ, ಹಿಮದ ಕಾಲದಲ್ಲಿ ಮುಂಗಾರು ಕ್ಷೀಣವಾಗಿದ್ದು, ಹಿಮ ಕರಗಿದ ಮೇಲೆ ಇಂದಿಗಿಂತಲೂ ಪ್ರಬಲವಾಗಿತ್ತೆಂದು ತಿಳಿಯುತ್ತದೆ.

ಇಷ್ಟಾಗಿ, ಒಮ್ಮೆ ಕಂಡುಹಿಡಿದುದು ಕೊನೆಯ ಮಾತೆಂದು ತಿಳಿಯಲಾಗದು. ಕಾಂತಧ್ರುವಗಳು ಕಡೆಯ ಸಲ ಅದಲುಬದಲಾದುದು 7,30,000 ವರ್ಷಗಳ ಹಿಂದೆಂದು ಎಲ್ಲರೂ ಒಪ್ಪಿದ್ದಾಗ, ಕಕ್ಷೆಯ ಗಣಿತಕ್ಕೆ ಅದು ಹೊಂದದೆಂದು ಕಂಡು, 7,80,000 ಆಗಬೇಕೆಂದು 1990ರಲ್ಲಿ ಷ್ಯಾಕಲ್ಟನ್ನರು ಸಂಗಡಿಗರೊಡನೆ ವಾದಿಸಿದರು. ಅನಂತರ ಶಿಲೆಗಳ ಕಾಲನಿರ್ಣಯವು ಅವರ ಪಕ್ಷವನ್ನೇ ಎತ್ತಿಹಿಡಿಯಿತು. ತಮ್ಮ ಸ್ವಂತ ನಿರ್ಣಯವನ್ನೂ ಅವರು ತಿದ್ದದೆ ಬಿಡಲಿಲ್ಲ: ಆಳದ ನೀರು ತಾವು ಎಣಿಸಿದ್ದುದಕ್ಕಿಂತ ಹೆಚ್ಚಾಗಿ ತಣಿದಿತ್ತೆಂದೂ, 1,00,000 ವರ್ಷದ ಆವರ್ತದಲ್ಲಿ ಹಿಮವು ಇಂಗಾಲದ ಡೈ ಆಕ್ಸೈಡಿನ ಹಿಂದೆ ಬರುವುದೇ ಹೊರತು ಮುಂದಲ್ಲವೆಂದೂ 2000ದಲ್ಲಿ ಬರೆದರು. ಈಗ ಅದೇ ಚಿಪ್ಪಿನ ಮೆಗ್ನೀಸಿಯಮ್ಮಿನಿಂದ ಉಷ್ಣತೆಯನ್ನು ಬೇರೆಯಾಗಿ ಅಳೆದು, ಆಮ್ಲಜನಕದ ಲೆಕ್ಕದಿಂದ ಅದನ್ನು ಕಳೆದು, ಹಿಮದ ಪಾಲನ್ನು ಪ್ರತ್ಯೇಕಿಸುವ ಕ್ರಮ ರೂಢಿಗೆ ಬಂದಿದೆ.