ಅರ್ಧ ದಾರಿಯಲ್ಲಿ ಬಂದ ಕರೆ

ಮೊಬೈಲ್ ಇಲ್ಲದ ಕಾಲ. ಬೇಸಿಗೆ ರಜೆಯಲ್ಲಿ ಜರ್ಮನಿಯಿಂದ ಇಟಲಿಗೋ ಫ್ರಾನ್ಸಿಗೋ ಕಾರಿನಲ್ಲಿ ಹೊರಟವರಿಗೆ ರೇಡಿಯೋದಲ್ಲಿ ಆಗಾಗ ಒಂದು ಪ್ರಕಟಣೆ ಕೇಳಿಸುತ್ತಿತ್ತು. ಇಂಥ ಊರಿನ ಇಂಥವರು, ಇಂಥ ಬಣ್ಣದ, ಇಂಥ ನಂಬರಿನ ಕಾರಿನಲ್ಲಿ ಪ್ರವಾಸದಲ್ಲಿದ್ದಾರೆ. ಅವರು ಕೂಡಲೇ ಮನೆಗೆ ಫೋನ್ ಮಾಡಬೇಕು. ಅಷ್ಟೇ. ಏನಾಗಿದೆ ಎಂದು ಹೇಳುತ್ತಿರಲಿಲ್ಲ. ಕೇಳಿದವರಿಗೆ ಅದು ಒಳ್ಳೆಯ ಸುದ್ದಿಯಲ್ಲ ಎಂಬುದು ಗೊತ್ತಾಗುತ್ತಿತ್ತು.

ಈ ಪ್ರಕಟಣೆಗೆ ‘ರೈಸೆರೂಫ್’ ಎಂದು ಹೆಸರು. ಹತ್ತಿರದ ಬಂಧು ತೀರಿಕೊಂಡಾಗ, ಇಲ್ಲವೇ ತೀವ್ರ ಕಾಯಿಲೆ ಬಿದ್ದಾಗ ಮನೆಯವರು ಎಡಿಎಸಿ ಎಂಬ ವಾಹನ ಸವಾರರ ಸಂಘಕ್ಕೆ ತಿಳಿಸಿದರೆ, ಅದು ರೇಡಿಯೋ ಕೇಂದ್ರಗಳಿಗೆ ಸಂದೇಶ ಮುಟ್ಟಿಸುತ್ತಿತ್ತು. 1903ರಲ್ಲಿ ಮೋಟಾರ್‌ಸೈಕಲ್ ಸವಾರರ ಕೂಟವಾಗಿ ಹುಟ್ಟಿದ ಈ ಸಂಘಕ್ಕೆ ಇವತ್ತು ಎರಡು ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ. ಬ್ರಿಟನ್ನಿನಲ್ಲಿ ಬಿಬಿಸಿ ರೇಡಿಯೋ 1920ರ ದಶಕದಿಂದಲೇ ಇದೇ ಬಗೆಯ ಎಸ್‌ಒಎಸ್ ಸಂದೇಶಗಳನ್ನು ಓದುತ್ತಿತ್ತು. ಯಾವ ಆಸ್ಪತ್ರೆ, ಯಾರ ತಾಯಿ, ಸ್ಥಿತಿ ಎಷ್ಟು ಗಂಭೀರ ಎಂಬುದನ್ನೂ ಬಿಬಿಸಿ ಬಿಡಿಸಿ ಹೇಳುತ್ತಿತ್ತು. ಕಾರಿನಲ್ಲಿ ದೇಶದಿಂದ ದೇಶಕ್ಕೆ ಹೋಗುವವರನ್ನು ಹುಡುಕಿ ಮನೆಗೆ ಕರೆಸುವುದಕ್ಕೆ ಒಂದು ವ್ಯವಸ್ಥೆಯೇ ಬೇಕಾಗುವಷ್ಟು ಈ ಸಂದರ್ಭ ಸಾಮಾನ್ಯವಾಗಿತ್ತು.

ಈಗ ವಾಟ್ಸಾಪ್ ಇದೆ. ಹುಬ್ಬಳ್ಳಿಯ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನಿಂತವರು ಆಲ್ಪ್ಸ್ ಕಣಿವೆಯಲ್ಲಿ ಕಾರು ಓಡಿಸುತ್ತಿರುವ ಮಗನ ಜೊತೆ ಕ್ಷಣದಲ್ಲಿ ಮಾತಾಡಬಹುದು. ಆದರೆ ಹಿಂದಿರುಗುವ ಕೆಲಸ ಮಾತ್ರ ಸುಲಭವಾಗಿಲ್ಲ. ಟೂರ್ ಕಂಪನಿಯ ಬಸ್ಸಿನಲ್ಲಿ ಹೋದವರಿಗೆ ಮ್ಯಾನೇಜರ್ ಇರುತ್ತಾರೆ. ಒಬ್ಬರು ಹೊರಟರೂ ಬಸ್ಸು ಮುಂದೆ ಸಾಗುತ್ತದೆ. ತಮ್ಮ ಪಾಡಿಗೆ ಕಾರಿನಲ್ಲಿ ಹೋದವರಿಗೆ ಚಾಲಕ, ಮ್ಯಾನೇಜರ್, ಖಜಾಂಚಿ ಎಲ್ಲವೂ ಅವರೇ. ಜೊತೆಗೆ ಬಿಟ್ಟುಬರಲಾಗದ ಒಂದು ಗಾಡಿ.

ಹೀಗೆ ತುರ್ತಾಗಿ ಮನೆಗೆ ಮರಳಿದ ಪ್ರಯಾಣವೊಂದು ಸಂಗೀತದ ಚರಿತ್ರೆಯಲ್ಲಿ ದಾಖಲಾಗಿದೆ. 1787ರಲ್ಲಿ ಹದಿನಾರರ ಹರೆಯದ ಬೀಥೊವನ್, ಮೊಜಾರ್ಟ್ ಬಳಿ ಕಲಿಯುವ ಆಸೆಯಿಂದ ಜರ್ಮನಿಯ ಬಾನ್‌ನಿಂದ ವಿಯೆನ್ನಾಕ್ಕೆ ಹೋಗಿದ್ದ. ತಾಯಿಗೆ ಕ್ಷಯ ಉಲ್ಬಣಿಸಿತು. ಹುಡುಗ ಕುದುರೆಗಾಡಿಯಲ್ಲಿ ಮರಳಿ ಹೊರಟ. ಬಾನ್ ಹತ್ತಿರವಾದಂತೆಲ್ಲ, ಬೇಗ ಬಾ ಎಂಬ ತಂದೆಯ ಕಾಗದಗಳು ಒಂದರ ಹಿಂದೊಂದು ಕೈಸೇರಿದವು. ದಾರಿಯಲ್ಲಿ ದುಡ್ಡು ಸಾಲದೆ ಆಗ್ಸ್‌ಬರ್ಗ್‌ನ ಶಾಡೆನ್ ಎಂಬ ಹಿತೈಷಿಯಿಂದ ಸಾಲ ಪಡೆಯಬೇಕಾಯಿತು. ತಾಯಿ ಮರಿಯಾ ಮಗ್ದಲೇನಾ ಜುಲೈ 17ರಂದು ತೀರಿಕೊಂಡಾಗ ಮಗ ಪಕ್ಕದಲ್ಲಿದ್ದ. ಸೆಪ್ಟೆಂಬರ್ 15ರಂದು ಅವನು ಶಾಡೆನ್‌ಗೆ ಬರೆದ ಪತ್ರ ಉಳಿದುಕೊಂಡಿದೆ. ಅದರಲ್ಲಿ ತಾಯಿಯ ಸಾವಿನ ದುಃಖವೂ ಇದೆ, ಸಾಲ ಇನ್ನೂ ತೀರಿಸಲಾಗಿಲ್ಲ ಎಂಬ ಕ್ಷಮಾಪಣೆಯೂ ಇದೆ. ತುರ್ತಾಗಿ ಮರಳಿದವರ ದುಃಖದ ಜೊತೆಗೆ ಲೆಕ್ಕಾಚಾರವೂ ಅಂಟಿಕೊಂಡಿರುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಬೀಥೊವನ್‌ನ ತಂದೆ ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದ: ಸುದ್ದಿ ಮುಚ್ಚಿಡಲಿಲ್ಲ. ನಮ್ಮ ಮನೆಗಳಲ್ಲಿ ಆಗುವುದು ಬಹಳ ಸಲ ಇದಕ್ಕೆ ತದ್ವಿರುದ್ಧ. “ಪಾಪ, ಮಕ್ಕಳು ಅಷ್ಟು ದುಡ್ಡು ಖರ್ಚು ಮಾಡಿ ಹೋಗಿದ್ದಾರೆ, ಈಗಲೇ ಹೇಳೋದು ಬೇಡ” ಎಂದು ಆಸ್ಪತ್ರೆಯಲ್ಲಿ ಮಲಗಿದವರೇ ಹೇಳುತ್ತಾರೆ. ಎರಡು ದಿನ “ಅಮ್ಮ ನಿದ್ದೆ ಮಾಡ್ತಿದ್ದಾರೆ”, “ಅಪ್ಪ ವಾಕಿಂಗ್ ಹೋಗಿದ್ದಾರೆ” ಎನ್ನುತ್ತ ತಳ್ಳುತ್ತಾರೆ. ಮೂರನೆಯ ದಿನ ಪರಿಸ್ಥಿತಿ ಕೈಮೀರಿದಾಗ, “ನೀನು ಕೂಡಲೇ ಹೊರಟುಬಿಡು” ಎಂಬ ಫೋನು. ಇದರ ಹಿಂದೆ ಇರುವುದು ಪ್ರೀತಿಯೇ. ಆದರೆ ಆ ಎರಡು ದಿನಗಳಲ್ಲಿ ಕಾರು ದೊಡ್ಡ ವಿಮಾನ ನಿಲ್ದಾಣವನ್ನು ದಾಟಿ ಯಾವುದೋ ದ್ವೀಪದ ಹಡಗು ಹತ್ತಿರಬಹುದು. ಮ್ಯೂನಿಕ್, ಫ್ರಾಂಕ್‌ಫರ್ಟ್, ಪ್ಯಾರಿಸ್, ಆ್ಯಮ್‌ಸ್ಟರ್‌ಡ್ಯಾಮ್, ಲಂಡನ್‌ಗಳಿಂದ ಬೆಂಗಳೂರಿಗೆ ನೇರ ವಿಮಾನಗಳಿವೆ. ನಾರ್ವೆಯ ಉತ್ತರ ತುದಿಯ ನಾರ್ಡ್‌ಕ್ಯಾಪ್‌ನಿಂದ ದಕ್ಷಿಣಕ್ಕೆ, ಫಿನ್ಲೆಂಡಿನ ಹೆಲ್ಸಿಂಕಿ ಮುಟ್ಟಲು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಬೇಕು. ಬ್ರಿಟನ್ನಿನಿಂದ ಸ್ಪೇನಿನ ಸಾಂತಾಂದೇರ್‌ಗೆ ಹೋಗುವ ಹಡಗು ಸುಮಾರು ಒಂದು ಹಗಲು, ಒಂದು ರಾತ್ರಿ ಸಮುದ್ರದಲ್ಲಿರುತ್ತದೆ. ಮುಚ್ಚಿಟ್ಟ ಸುದ್ದಿಯಿಂದ ಉಳಿಯುವುದು ಏನೂ ಇಲ್ಲ. ಕಳೆದುಹೋಗುವುದು ಮಾತ್ರ ಬಹಳ.

ಹಾಗೆಂದು ಕರೆ ಬಂದೊಡನೆ ಟಿಕೆಟ್ ತೆಗೆಯಬೇಕೆಂದೂ ಇಲ್ಲ. ಮೊದಲು ಮಾತಾಡಬೇಕಾದದ್ದು ನೆಂಟರ ಹತ್ತಿರ ಅಲ್ಲ, ನೋಡಿಕೊಳ್ಳುತ್ತಿರುವ ವೈದ್ಯರ ಹತ್ತಿರ. ಪ್ರಾಣಕ್ಕೆ ಅಪಾಯ ಇದೆಯೇ, ಮುಂದಿನ ಎರಡು ಮೂರು ದಿನಗಳಲ್ಲಿ ಏನಾಗಬಹುದು, ಶಸ್ತ್ರಚಿಕಿತ್ಸೆ ಯಾವಾಗ, ಮನೆಗೆ ಕಳುಹಿಸಿದ ಮೇಲೆ ಆರೈಕೆಗೆ ಎಷ್ಟು ವಾರ ಒಬ್ಬರು ಜೊತೆಗಿರಬೇಕು? ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಸೊಂಟದ ಮೂಳೆ ಮುರಿದ ಅಜ್ಜಿಗೆ ಆಪರೇಷನ್ ದಿನಕ್ಕಿಂತ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ವಾರಗಳಲ್ಲಿ ಮನೆಯಲ್ಲಿ ಕೈ ಹಿಡಿದು ನಡೆಸುವವರು ಬೇಕು. ಅಂಥ ಸಂದರ್ಭದಲ್ಲಿ ನಾಲ್ಕು ದಿನ ತಡವಾಗಿ, ಕಾರನ್ನು ಸರಿಯಾಗಿ ಒಪ್ಪಿಸಿ ಬರುವವರೇ ಹೆಚ್ಚು ಉಪಕಾರಿ. ಪಾರ್ಶ್ವವಾಯು, ಹೃದಯಾಘಾತ, ಸೋಂಕು ರಕ್ತಕ್ಕೇರಿದ ಸ್ಥಿತಿ ಇವುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಗಂಟೆಗಳೂ ಮುಖ್ಯ.

ಹೊರಡುವುದು ಎಂದಾದಮೇಲೆ ಗಾಡಿಯ ಪ್ರಶ್ನೆ. ಬಾಡಿಗೆ ಕಾರನ್ನು ತೆಗೆದುಕೊಂಡ ಊರಿನಲ್ಲಿ ಬಿಡದೆ ಇನ್ನೊಂದು ದೇಶದಲ್ಲಿ ಬಿಟ್ಟರೆ ದೊಡ್ಡ ಮೊತ್ತ ಕಟ್ಟಬೇಕಾಗುತ್ತದೆ. ಅದೇ ದೇಶದ ಇನ್ನೊಂದು ಊರಾದರೆ ಹೊರೆ ಕಡಿಮೆ. ಹಾಗಾಗಿ ಹತ್ತಿರದ ವಿಮಾನ ನಿಲ್ದಾಣಕ್ಕಿಂತ, ಕಾರು ಸೇರಿದ ದೇಶದೊಳಗಿನ ನಿಲ್ದಾಣ ಎಷ್ಟೋ ಸಲ ಮೇಲು. ಬೇಗ ಒಪ್ಪಿಸಿದರೆ ಬಾಡಿಗೆ ಇಳಿಯುತ್ತದೆ ಎಂಬ ಭರವಸೆಯೂ ಬೇಡ. ವಾರದ ದರ ರದ್ದಾಗಿ ದಿನದ ದರ ಅನ್ವಯಿಸಿದರೆ ಬಿಲ್ಲು ಅಷ್ಟೇ ಉಳಿಯಬಹುದು. ಕಂಪನಿಗೆ ಮೊದಲು ಫೋನ್ ಮಾಡಿ, ಹೇಳಿದ್ದನ್ನು ಇಮೇಲಿನಲ್ಲಿ ಬರೆಸಿಕೊಂಡು, ಇಂಧನದ ಮುಳ್ಳು ಮತ್ತು ಕಾರಿನ ನಾಲ್ಕೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳುವುದು ಐದು ನಿಮಿಷದ ಕೆಲಸ.

ಗಾಬರಿಯಲ್ಲಿ ಜನ ಎಡವುವ ಜಾಗವೊಂದಿದೆ. ಜಿನೀವಾ ವಿಮಾನ ನಿಲ್ದಾಣಕ್ಕೆ ಸ್ವಿಸ್ ಭಾಗ, ಫ್ರೆಂಚ್ ಭಾಗ ಎಂದು ಎರಡಿವೆ. ಫ್ರೆಂಚ್ ಭಾಗದಲ್ಲಿ ತೆಗೆದುಕೊಂಡ ಕಾರನ್ನು ಅಲ್ಲಿಯೇ ಒಪ್ಪಿಸಬೇಕು. ಅದಕ್ಕೆ ಫೆರ್ನೆ-ವೋಲ್ತೇರ್ ಊರಿನ ಕಡೆಯಿಂದ ಬರುವ ಪ್ರತ್ಯೇಕ ರಸ್ತೆ ಇದೆ. ಸ್ವಿಸ್ ನಗರ ಬಾಸೆಲ್‌ನ ವಿಮಾನ ನಿಲ್ದಾಣ ಇರುವುದೇ ಫ್ರಾನ್ಸಿನ ನೆಲದಲ್ಲಿ, ಅಲ್ಲಿಯೂ ಎರಡು ಭಾಗ. ವಿಮಾನಕ್ಕೆ ಒಂದೂವರೆ ಗಂಟೆ ಉಳಿದಿರುವಾಗ ತಪ್ಪು ಭಾಗಕ್ಕೆ ಬಂದು ನಿಂತರೆ ಕಷ್ಟ.

ಇನ್ನೊಂದು ದಾರಿ: ಒಬ್ಬರು ವಿಮಾನ ಹತ್ತುವುದು, ಇನ್ನೊಬ್ಬರು ಕಾರು ಮರಳಿಸುವುದು. ಆದರೆ ಬಾಡಿಗೆ ಕರಾರಿನಲ್ಲಿ ಎರಡನೆಯ ಚಾಲಕರ ಹೆಸರಿರಬೇಕು. ಇಲ್ಲದಿದ್ದರೆ ಅವರು ಓಡಿಸುವಾಗ ವಿಮೆ ಅನ್ವಯಿಸದು. ಗಂಡ ಊರಿಗೆ ಹಾರಿ, ಹೆಂಡತಿ ಮಕ್ಕಳೊಂದಿಗೆ ಮುಟ್ಟಲಾಗದ ಕಾರಿನ ಪಕ್ಕ ಉಳಿಯುವ ಸ್ಥಿತಿ ಬಾರದಿರಲು ಆರಂಭದಲ್ಲಿ ಒಂದಿಷ್ಟು ಹಣ ಹೆಚ್ಚು ಕೊಡುವುದು ಲೇಸು. ಯುರೋಪಿನಲ್ಲಿಯೇ ನೆಲೆಸಿ ಸ್ವಂತ ಕಾರಿಟ್ಟುಕೊಂಡ ಕನ್ನಡಿಗರಿಗೆ ಅನುಕೂಲ ಹೆಚ್ಚು. ಜರ್ಮನಿಯ ‘ಶುಟ್ಸ್‌ಬ್ರೀಫ್’ ಎಂಬ ರಸ್ತೆ ನೆರವಿನ ವಿಮೆಗಳಲ್ಲಿ, ಚಾಲಕ ಕಾಯಿಲೆ ಬಿದ್ದರೆ ಬದಲಿ ಚಾಲಕನನ್ನು ಕಳುಹಿಸಿ ಕಾರು ತರಿಸುವ ಸೌಲಭ್ಯ ಸಾಮಾನ್ಯ. ಹತ್ತಿರದ ಬಂಧುವಿನ ಗಂಭೀರ ಕಾಯಿಲೆಯಿಂದ ಪ್ರವಾಸ ಮೊಟಕಾದರೆ ಹೆಚ್ಚುವರಿ ಖರ್ಚಿನ ಒಂದು ಭಾಗ ಕೊಡುವ ಷರತ್ತೂ ಹಲವುಗಳಲ್ಲಿದೆ. ಕಾರಿನ ವಿಮೆಯ ಕಾಗದದಲ್ಲಿ ಅಡಗಿರುವ ಈ ಸಾಲನ್ನು ಓದಿದವರು ಕಡಿಮೆ.

ಕೆಟ್ಟ ಸುದ್ದಿ ಕೇಳಿದವರು ಇಡೀ ರಾತ್ರಿ ಕಾರು ಓಡಿಸಬಾರದು. ಇದನ್ನು ಒತ್ತಿ ಹೇಳಲೇಬೇಕು. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಲಾರಿ, ಬಸ್ಸುಗಳ ವೃತ್ತಿ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಬೇಕು. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಯೇ ಮಿತಿ. ಸ್ವಂತ ಕಾರಿನವರಿಗೆ ಆ ಕಾನೂನು ಇಲ್ಲ. ಕಣ್ಣೀರು, ನಿದ್ದೆಗೇಡು, ನಿಮಿಷಕ್ಕೊಮ್ಮೆ ರಿಂಗಾಗುವ ಫೋನು, ರಸ್ತೆಯ ಬಲಬದಿಯಲ್ಲಿ ಓಡಿಸುವ ಹೊಸ ಅಭ್ಯಾಸ ಎಲ್ಲ ಸೇರಿರುವಾಗ ಆ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು. ಆಗಸ್ಟಿನ ಶನಿವಾರಗಳಲ್ಲಿ ಫ್ರಾನ್ಸಿನ ಹೆದ್ದಾರಿಗಳು ರಜೆಯ ವಾಹನಗಳಿಂದ ಕಿಕ್ಕಿರಿಯುತ್ತವೆ. ಯಾವ ದಿನ ಎಷ್ಟು ದಟ್ಟಣೆ ಎಂದು ಮೊದಲೇ ತಿಳಿಸಲು ಅಲ್ಲಿ 1976ರಿಂದ ‘ಬಿಸೋ ಫ್ಯುಟೆ’ ಎಂಬ ಸರ್ಕಾರಿ ಸೇವೆಯೇ ಇದೆ. ಸ್ವಿಟ್ಜರ್ಲೆಂಡಿನ ಹದಿನೇಳು ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗದ ಬಾಯಲ್ಲಿ ರಜೆ ದಿನ ಗಂಟೆಗಟ್ಟಲೆ ಸಾಲು ನಿಲ್ಲುತ್ತದೆ. ಇಂಥ ದಿನ ಕಾರನ್ನು ಸುರಕ್ಷಿತ ಜಾಗದಲ್ಲಿ ಬಿಟ್ಟು ರೈಲು ಹತ್ತುವುದೇ ವೇಗದ ದಾರಿಯಾಗಬಹುದು.

ಟಿಕೆಟ್ಟಿನ ವಿಷಯದಲ್ಲಿ, ಹೊಸದನ್ನು ಕೊಳ್ಳುವ ಮೊದಲು ಕೈಯಲ್ಲಿರುವ ಮರಳುವ ಟಿಕೆಟ್ಟಿನ ದಿನಾಂಕ ಬದಲಾಯಿಸಲು ಕೇಳಬೇಕು. ವಿಮಾನ ರದ್ದಾದರೆ 250ರಿಂದ 600 ಯೂರೋ ಪರಿಹಾರ ಕೊಡಿಸುವ ಯುರೋಪಿನ ಕಾನೂನು ಪ್ರಸಿದ್ಧವೇ. ಆದರೆ ಅದು ವಿಮಾನ ಸಂಸ್ಥೆ ರದ್ದು ಮಾಡಿದಾಗ. ಪ್ರಯಾಣಿಕರು ತಾವಾಗಿ ಬಿಟ್ಟಾಗ ಅಲ್ಲ. ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದಲ್ಲಿ ಮರಳಿಸುವ ಗ್ರಾಹಕರ ಹಕ್ಕೂ ನಿರ್ದಿಷ್ಟ ದಿನಾಂಕದ ಹೋಟೆಲಿಗೆ, ಬಾಡಿಗೆ ಕಾರಿಗೆ ಅನ್ವಯಿಸುವುದಿಲ್ಲ. ಹೋಟೆಲ್ ಮಾಲೀಕರನ್ನು ಕೇಳಿ ನೋಡಬಹುದು. ಸಣ್ಣ ವಸತಿಗೃಹಗಳವರು ಮನ ಕರಗಿ ಹಣ ಬಿಟ್ಟುಕೊಟ್ಟಾರು, ಆದರೆ ಅದು ಅವರ ದೊಡ್ಡತನ, ನಮ್ಮ ಹಕ್ಕಲ್ಲ.

ಹಾಗಾದರೆ ಹಣ ಬರುವುದು ಎಲ್ಲಿಂದ? ವಿಮೆಯಿಂದ, ಅದೂ ಸರಿಯಾದ ವಿಮೆಯಿಂದ ಮಾತ್ರ. ನಮ್ಮವರ ದೊಡ್ಡ ತಪ್ಪುತಿಳಿವಳಿಕೆ ಇಲ್ಲಿದೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಅದು ಪ್ರವಾಸಿಯ ಸ್ವಂತ ಕಾಯಿಲೆಗೆ, ಆಸ್ಪತ್ರೆ ಖರ್ಚಿಗೆ, ಅವರನ್ನು ತಾಯ್ನಾಡಿಗೆ ಸಾಗಿಸುವುದಕ್ಕೆ. ಊರಲ್ಲಿರುವ ತಂದೆ ಆಸ್ಪತ್ರೆ ಸೇರಿದರೆ ಆ ಕಡ್ಡಾಯದ ವಿಮೆ ನಯಾಪೈಸೆ ಕೊಡಬೇಕೆಂದಿಲ್ಲ. ಪ್ರವಾಸ ಮೊಟಕಾದಾಗಿನ ನಷ್ಟಕ್ಕೆ ಪಾಲಿಸಿಯಲ್ಲಿ ಬೇರೆ ಷರತ್ತೇ ಇರಬೇಕು. ಇದ್ದರೂ ಎರಡು ಕಡೆ ನಿಂತು ಓದಬೇಕು. ಒಂದು, ‘ಕುಟುಂಬ’ ಅಂದರೆ ಯಾರು? ಗಂಡ ಹೆಂಡತಿ, ಮಕ್ಕಳು, ತಂದೆ ತಾಯಿ ಇರುತ್ತಾರೆ. ಅತ್ತೆ ಮಾವ ಕೆಲವೊಮ್ಮೆ. ಸಾಕಿ ಬೆಳೆಸಿದ ಸೋದರಮಾವ, ದೊಡ್ಡಮ್ಮ ಸಾಮಾನ್ಯವಾಗಿ ಇರುವುದಿಲ್ಲ. ಎರಡು, ಮೊದಲೇ ಇದ್ದ ಕಾಯಿಲೆ. ಎಪ್ಪತ್ತು ದಾಟಿದ ತಂದೆಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದ್ದು, ಅದರಿಂದಲೇ ಆಸ್ಪತ್ರೆ ಸೇರಿದರೆ ಕಂಪನಿ ಕ್ಲೇಮನ್ನು ತಳ್ಳಿಹಾಕಬಹುದು. ಯಾವ ಕಾಯಿಲೆಗೆ ಹೆದರಿ ವಿಮೆ ಮಾಡಿಸಿದರೋ ಅದೇ ಹೊರಗುಳಿಯುವುದು ನ್ಯಾಯವೆನಿಸುವುದಿಲ್ಲ. ಹೊರಡುವ ಮೊದಲೇ ಏಜೆಂಟರಿಗೆ ಈ ಎರಡು ಪ್ರಶ್ನೆ ಹಾಕಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕರೆ ಬಂದ ಮೇಲೆ, ಟಿಕೆಟ್ ಕೊಳ್ಳುವ ಮುನ್ನ ವಿಮಾ ಕಂಪನಿಯ ಸಹಾಯವಾಣಿಗೆ ಹೇಳುವುದು, ದಾಖಲಾದ ದಿನ ಮತ್ತು ಕಾಯಿಲೆಯ ಗಂಭೀರತೆ ನಮೂದಿಸಿದ ವೈದ್ಯರ ಪತ್ರ ಪಡೆಯುವುದು ಮರೆಯಬಾರದು.

ವೀಸಾದಲ್ಲೂ ಗಮನಿಸುವುದಿದೆ. ಒಂದೇ ಪ್ರವೇಶದ ವೀಸಾ ಇದ್ದವರು 29 ದೇಶಗಳ ಷೆಂಗೆನ್ ವಲಯದಿಂದ ಹೊರಬಿದ್ದರೆ, ಎಷ್ಟು ದಿನ ಬಾಕಿಯಿದ್ದರೂ ಅದರಲ್ಲಿ ಮತ್ತೆ ಒಳಹೋಗುವಂತಿಲ್ಲ. ತಾಯಿ ಚೇತರಿಸಿಕೊಂಡ ಮೇಲೆ ಉಳಿದ ಊರುಗಳನ್ನು ನೋಡಬೇಕಾದರೆ ಹೊಸ ವೀಸಾವೇ ಬೇಕು. ಜೊತೆಗೆ ಬಂದ ಅಪ್ಪನಿಗೇ ವಿಯೆನ್ನಾದಲ್ಲೋ ಪ್ರಾಗ್‌ನಲ್ಲೋ ಪಾರ್ಶ್ವವಾಯು ಹೊಡೆದು ವೀಸಾದ ಅವಧಿ ಮುಗಿಯುವುದರೊಳಗೆ ಹಿಂದಿರುಗಲಾಗದಿದ್ದರೆ ಮಾತ್ರ ಕಾನೂನು ಮೆದುವಾಗಿದೆ. ಮಾನವೀಯ ಕಾರಣಕ್ಕೆ ಅಲ್ಲಿನ ಅಧಿಕಾರಿಗಳು ಶುಲ್ಕವಿಲ್ಲದೆ ವೀಸಾ ವಿಸ್ತರಿಸುತ್ತಾರೆ. ಅವಧಿ ಮುಗಿಯುವ ಮುನ್ನವೇ ಅರ್ಜಿ ಹಾಕಬೇಕು. ಆ್ಯಂಬುಲೆನ್ಸಿಗೆ ಒಕ್ಕೂಟದ ಎಲ್ಲ ದೇಶಗಳಲ್ಲೂ 112 ಒಂದೇ ಸಂಖ್ಯೆ.

ಇಷ್ಟೆಲ್ಲ ಓದಿದರೆ, ವಯಸ್ಸಾದವರನ್ನು ಮನೆಯಲ್ಲಿ ಬಿಟ್ಟು ಹೋಗಲೇಬಾರದೇನೋ ಎನಿಸಬಹುದು. ಹೋಗಬೇಕು. ಹೊರಡುವ ಹಿಂದಿನ ದಿನ ಅಪ್ಪ ಅಮ್ಮನ ಎದುರು ಕೂತು ಒಂದು ಮಾತು ಮುಗಿಸಿ ಹೋಗಬೇಕು: ಏನೇ ಆದರೂ ಮುಚ್ಚಿಡಬೇಡಿ, ಬರಬೇಕೋ ಬೇಡವೋ ಎಂಬುದನ್ನು ನಾವೇ ತೀರ್ಮಾನಿಸುತ್ತೇವೆ. ದಿನದಿನದ ಊರು, ಹೋಟೆಲಿನ ಫೋನ್ ಬರೆದ ಹಾಳೆ ಒಬ್ಬರ ಕೈಯಲ್ಲಿರಲಿ. ಹಿರಿಯರ ಆರೋಗ್ಯ ವಿಮೆಯ ಕಾರ್ಡು, ಆಧಾರ್ ಪ್ರತಿ, ನುಂಗುವ ಮಾತ್ರೆಗಳ ಪಟ್ಟಿ, ಹಳೆಯ ಇಸಿಜಿ, ಅಡ್ವಾನ್ಸ್ ಕಟ್ಟಲು ಸ್ವಲ್ಪ ಹಣ ಇವನ್ನು ಅದೇ ಊರಿನ ತಮ್ಮನಿಗೋ ಪಕ್ಕದ ಮನೆಯವರಿಗೋ ಒಪ್ಪಿಸಿರಬೇಕು. ಮಗ ಇನ್ನೂ ಫ್ರಾಂಕ್‌ಫರ್ಟಿನಲ್ಲಿ ಬೋರ್ಡಿಂಗ್ ಸಾಲಿನಲ್ಲಿ ನಿಂತಿರುವಾಗ ಮೈಸೂರಿನ ಆಸ್ಪತ್ರೆಯ ಕೌಂಟರಿನಲ್ಲಿ ಕೇಳುವುದು ಈ ಕಾಗದಗಳನ್ನೇ.