ಚಹಾ ಕಪ್ಪಾದದ್ದು ಯಾಕೆ?

ಕಳೆದ ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಿ, ಹೊಸ ಬೋರ್‌ವೆಲ್ ನೀರು ಅಡುಗೆಮನೆಗೆ ಬಂತು. ಅದೇ ವಾರ ಅಮ್ಮಿ ಮಾಡುವ ಚಹಾ ಬೂದಿ ಬಣ್ಣಕ್ಕೆ ತಿರುಗತೊಡಗಿತು. ನಾನು ಚಹಾಪುಡಿಯ ಪೊಟ್ಟಣ ಹಿಡಿದು ಅಂಗಡಿಗೆ ಹೋಗಿ, ‘ಕಲಬೆರಕೆ ಮಾರ್ತೀರಾ ಚಾಚಾ?’ ಎಂದು ಗಿರಾಕಿಗಳ ಎದುರಿಗೇ ಜಗಳವಾಡಿದೆ. ಅವರು ಏನೂ ಹೇಳದೆ ಪುಡಿ ವಾಪಸು ಪಡೆದು ಹಣ ಕೊಟ್ಟರು.

ಬೇರೆ ಅಂಗಡಿಯ ಪುಡಿಗೂ ಅದೇ ಬಣ್ಣ! ಆಗ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕರನ್ನು ಕೇಳಿದೆ. (ನಾನು ಕಾಮರ್ಸ್, ಆ ಲ್ಯಾಬಿನ ಬಾಗಿಲು ದಾಟಿದ್ದು ಅದೇ ಮೊದಲು.) ‘ಪೇರಳೆ ಎಲೆ ಜಜ್ಜಿ ಆ ನೀರಿಗೆ ಹಾಕಿ ನೋಡು’ ಎಂದರು. ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ನೀರು ನೇರಳೆಗಪ್ಪಾಯಿತು.

ಕಾರಣ ನೀರಿನಲ್ಲಿ ಕರಗಿದ್ದ ಕಬ್ಬಿಣ. ಚಹಾ, ಪೇರಳೆ ಎಲೆ, ಅಳಲೆಕಾಯಿಗಳಲ್ಲಿರುವ ಒಗರು ವಸ್ತುಗಳ ಜೊತೆ ಅದು ಸೇರಿದರೆ ಕಪ್ಪು ಬಣ್ಣ ಬರುತ್ತದೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದದ್ದು ಹೀಗೆಯೇ. ನಾವು ಒಂದು ವಾರ ಹಾಲು ಹಾಕಿದ ಶಾಯಿ ಕುಡಿದೆವು ಎನ್ನಬಹುದು.

ಆದರೆ ಕಲ್ಲಿನ ಕಬ್ಬಿಣ ನೀರಿಗೆ ಬಂದದ್ದು ಹೇಗೆ? ನಮ್ಮ ಕರಾವಳಿಯ ಮುರಕಲ್ಲು ಕೆಂಪಾಗಿರುವುದೇ ಕಬ್ಬಿಣದ ತುಕ್ಕಿನಿಂದ. ತುಕ್ಕು ಸುಲಭವಾಗಿ ಕರಗುವುದಿಲ್ಲ. ಮಳೆನೀರಿನ ಜೊತೆ ಮಣ್ಣಿಗಿಳಿದ ಕೊಳೆತ ಎಲೆ, ಬೇರಿನ ಅಂಶವನ್ನು ಬ್ಯಾಕ್ಟೀರಿಯಾಗಳು ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ಅದು ಮುಗಿದರೆ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ತುಕ್ಕನ್ನೇ ಬಳಸುತ್ತವೆ. ಆಗ ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ. ಅಂದರೆ ಕಲ್ಲಿನಿಂದ ಕಬ್ಬಿಣವನ್ನು ಬಿಡಿಸಿದ್ದು ಎಲೆಗಳೇ! ಮೇಲೆ ಬಂದ ನೀರು ಮೊದಲು ತಿಳಿಯಾಗಿರುತ್ತದೆ, ಗಾಳಿ ತಾಗಿದ ಮೇಲೆ ಕೆಂಪು ಮಡ್ಡಿ ಕಟ್ಟುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ಮೀರಿದರೆ ಸಾಕು, ಒಗೆದ ಬಟ್ಟೆಗೆ ಕಲೆ. ಅಬ್ಬಾ ಅವರ ಜುಮ್ಮಾದ ಬಿಳಿ ಜುಬ್ಬಾ ಅದಕ್ಕೆ ಸಾಕ್ಷಿ.

ಎಲ್ಲ ಕಬ್ಬಿಣವೂ ಹೀಗೆ ತಳ ಸೇರುವುದಿಲ್ಲ. ಕೊಳೆತ ಎಲೆಗಳಿಂದ ಬರುವ ಹ್ಯೂಮಿಕ್ ವಸ್ತುಗಳು ಅದನ್ನು ಹಿಡಿದುಕೊಂಡು ನದಿಯಲ್ಲಿ ದೂರ ಸಾಗಿಸುತ್ತವೆ. ಅಳಿವೆಯಲ್ಲಿ ಉಪ್ಪುನೀರು ಬೆರೆತಾಗ ಈ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಹುಪಾಲು ಅಲ್ಲೇ ಕೆಳಗಿಳಿಯುತ್ತವೆ.

ಈಗ ನಾವು ನೀರನ್ನು ಎತ್ತರದಿಂದ ಕೊಡಕ್ಕೆ ಸುರಿದು, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ದಪ್ಪ ಬಟ್ಟೆಯಲ್ಲಿ ಸೋಸುತ್ತೇವೆ. ಚಹಾದ ಬಣ್ಣ ಬಹುಮಟ್ಟಿಗೆ ಮರಳಿದೆ. ಚಾಚಾ ಹತ್ತಿರ ಹೋಗಿ, ಗಿರಾಕಿಗಳಿದ್ದಾಗಲೇ ಮಾಫಿ ಕೇಳಿ ಹಣ ಕೊಟ್ಟೆ. ಹಣ ತೆಗೆದುಕೊಂಡು, ‘ನಾಳೆ ನಮ್ಮ ಮನೆಗೂ ಆ ಪೇರಳೆ ಎಲೆ ತಗೊಂಡು ಬಾ’ ಎಂದರು.